‘ಬೆಳಗಾಗ್ಲಿ, ನೋಡೋಣ’ ಅನ್ನುವ ಮನೆಗೆ ಎಂಥ ಆ್ಯಪ್ ಬೇಕು?

2025ರ ಜುಲೈ ಮೊದಲ ದಿನಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲು ಹಚ್ಚುತ್ತಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡಿದ್ದಾರೆ, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ ಅನ್ನುವ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿತ್ತು. ಹೆದರಿದವರು ‘ಒಂದು ಇಸಿಜಿ ಮಾಡಿಬಿಡಿ ಸಾರ್’ ಅಂತ ಬಂದು ನಿಂತಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20ಕ್ಕೆ ಹೃದಯದ ತೊಂದರೆಯೇ ಕಾರಣ, ಇಲ್ಲವೇ ಅದೇ ಇರಬಹುದು ಅಂತ ಕಂಡುಬಂತು. ಆದರೆ ಹಿಂದಿನ ದಿನಗಳಿಗೆ ಹೋಲಿಸಿದರೆ ದಿಢೀರ್ ಏರಿಕೆಯೇನೂ ಆಗಿಲ್ಲ ಎಂದೂ ವರದಿ ಹೇಳಿತು.

ನನಗೆ ಕಂಡದ್ದು ಇನ್ನೊಂದು. ಹೆದರಿಕೆ ನಮ್ಮ ಹಾಸನದವರನ್ನು ಹಗಲು ಹೊತ್ತಿನಲ್ಲಿ 120 ಕಿಲೋಮೀಟರ್ ದೂರದ ಮೈಸೂರಿಗೆ ಕಳಿಸಿತು. ಅದೇ ಜನಕ್ಕೆ ರಾತ್ರಿ 12 ಗಂಟೆಗೆ ನಿಜವಾಗಿಯೂ ಎದೆ ಹಿಡಿದರೆ, ಹತ್ತಿರದ ತಾಲ್ಲೂಕು ಆಸ್ಪತ್ರೆಗೂ ಹೊರಡುವುದಿಲ್ಲ. ‘ಬೆಳಗಾಗ್ಲಿ, ನೋಡೋಣ’ ಅನ್ನುತ್ತಾರೆ.

ನನ್ನ ಕೆಲಸ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವುದು. ಆ ತಿಂಗಳು ಮೂವರು ಗೆಳೆಯರು ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು: ಹೃದಯಾಘಾತದ ಬಗ್ಗೆ ಕನ್ನಡದಲ್ಲಿ ಒಂದು ಆ್ಯಪ್ ಮಾಡೋಣವಾ? ಮಾಡಬೇಕು, ಖಂಡಿತ ಮಾಡಬೇಕು. ಆದರೆ ಅವರು ತೋರಿಸಿದ ಕರಡುಗಳಲ್ಲೆಲ್ಲ ಒಂದೇ ಊಹೆ ಇತ್ತು. ಜನಕ್ಕೆ ಲಕ್ಷಣಗಳು ಗೊತ್ತಿಲ್ಲ, ಅದಕ್ಕೇ ತಡ ಮಾಡುತ್ತಾರೆ. ಗೊತ್ತು ಮಾಡಿಸಿದರೆ ಬೇಗ ಬರುತ್ತಾರೆ. ನಮ್ಮ ದೊಡ್ಡಪ್ಪನಿಗೆ ಆದದ್ದನ್ನು ಕೂತು ಕೇಳಿದ ಮೇಲೆ ನನಗೆ ಈ ಊಹೆಯ ಮೇಲೆ ನಂಬಿಕೆ ಉಳಿದಿಲ್ಲ.

ಅವರು ಆಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ರಾತ್ರಿ ಮುದ್ದೆ, ಹಿತಕಿದಬೇಳೆ ಸಾರು ಊಟ ಮಾಡಿ ಮಲಗಿದರು. 10 ಗಂಟೆಗೆ ಎದೆಯಲ್ಲಿ ಏನೋ ಒಂಥರಾ ಅಂದರು. 11ಕ್ಕೆ ಈನೋ ಕುಡಿದರು. 12:30ಕ್ಕೆ ಎದ್ದು ಬಂದು ಜಗಲಿ ಮೇಲೆ ಕೂತರು. ಹೊರಗೆ ಮೈ ಕೊರೆಯುವ ಚಳಿ, ಅವರ ಬನಿಯನ್ ಮಾತ್ರ ಒದ್ದೆ. 2 ಗಂಟೆಗೆ ಎಡರಟ್ಟೆ ಸೆಳೆಯತೊಡಗಿತು. ದೊಡ್ಡಮ್ಮ ಅಮೃತಾಂಜನ ತಿಕ್ಕಿದರು. 4:45ಕ್ಕೆ ಬೆಂಗಳೂರಿನಲ್ಲಿರುವ ಮಗನಿಗೆ, ಅಂದರೆ ನನ್ನ ಅಣ್ಣನಿಗೆ, ಫೋನ್ ಮಾಡಿದರು. ಅಣ್ಣ ಅಲ್ಲಿಂದಲೇ ಊರಿನ ಮೂರು ಮನೆಗೆ ಫೋನ್ ಮಾಡಿ ಒಂದು ಓಮ್ನಿ ಹೊಂದಿಸಿದ. 5:30ಕ್ಕೆ ಹೊರಟರು. ದಾರಿಯಲ್ಲಿ ಸಿಕ್ಕ ಒಂದು ನರ್ಸಿಂಗ್ ಹೋಮಿನಲ್ಲಿ 5:50ರಿಂದ 6:40ರವರೆಗೆ ಕೂರಿಸಿಕೊಂಡು ಗ್ಯಾಸಿನ ಇಂಜೆಕ್ಷನ್ ಕೊಟ್ಟರು. ಇಸಿಜಿ ಮಾಡಲಿಲ್ಲ. 7:05ಕ್ಕೆ ಹಾಸನದ ದೊಡ್ಡ ಆಸ್ಪತ್ರೆ. 7:15ಕ್ಕೆ ಇಸಿಜಿ. ಅದನ್ನು ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ನೋವು ಶುರುವಾಗಿ ಎಷ್ಟು ಹೊತ್ತಾಯ್ತು?’

ದೊಡ್ಡಪ್ಪ ಬದುಕಿದರು. ಆದರೆ ಹೃದಯದ ಪಂಪಿಂಗ್ ಶೇ. 35ಕ್ಕೆ ಇಳಿದಿದೆ. ತೋಟದ ಏರು ಹತ್ತಲು ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಟ್ಟು 9 ಗಂಟೆ 15 ನಿಮಿಷ. ಅದರಲ್ಲಿ ರಸ್ತೆಯ ಮೇಲೆ ಕಳೆದದ್ದು 45 ನಿಮಿಷ. ನರ್ಸಿಂಗ್ ಹೋಮಿನಲ್ಲಿ 50. ಹಾಸನದ ಆಸ್ಪತ್ರೆ ತೆಗೆದುಕೊಂಡದ್ದು 10. ಉಳಿದ ಏಳೂವರೆ ಗಂಟೆ ಮನೆಯಲ್ಲೇ ಹೋಯಿತು. ನಾವು ಯಾವಾಗಲೂ ರಸ್ತೆ, ಆಂಬ್ಯುಲೆನ್ಸ್ ಅಂತ ಮಾತಾಡುತ್ತೇವೆ. ಅವೂ ಮುಖ್ಯವೇ. ಆದರೆ ಇಲ್ಲಿ ಸಮಯವನ್ನು ತಿಂದದ್ದು ಜಗಲಿ.

ಆಮೇಲೆ ಒಂದು ದಿನ ದೊಡ್ಡಮ್ಮನನ್ನು ಕೇಳಿದೆ. ಬೆವರು ನೋಡಿ ಏನನ್ನಿಸಿತು ಅಂತ. ‘ಈ ಚಳೀಲಿ ಬೆವರ್ತಾವ್ರಲ್ಲ, ಇದು ಗ್ಯಾಸಲ್ಲ ಅಂತ ನಂಗೂ ಅನ್ನಿಸ್ತು ಕಣಪ್ಪ’ ಅಂದರು. ಹಾಗಾದರೆ ಅಣ್ಣನಿಗೆ ಆಗಲೇ ಯಾಕೆ ಫೋನ್ ಮಾಡಲಿಲ್ಲ? ‘ಯಾವ್ ಮೊಕ ಇಟ್ಕಂಡು ಎಬ್ಬಿಸ್ಲಪ್ಪ? ಹೋದ್ ವರ್ಷ ಹಿಂಗೇ ಎಬ್ಬಿಸ್ದೆ. ರಾತ್ರೋರಾತ್ರಿ ಕಾರ್ ತಗೊಂಡ್ ಬಂದ. ಆಸ್ಪತ್ರೇಲಿ ಏನೂ ಇಲ್ಲ, ಗ್ಯಾಸ್ ಅಂದ್ರು. ಎಲ್ಲಾರ್ ನಿದ್ದೆ ಕೆಡಿಸ್ದಂಗಾಯ್ತು.’

ದೊಡ್ಡಮ್ಮನಿಗೆ ಗೊತ್ತಿತ್ತು. ಅವರನ್ನು ಕೂರಿಸಿದ್ದು ನಾಚಿಕೆ. ಇಷ್ಟು ಸ್ಪಷ್ಟವಾಗಿ ಈ ಮಾತನ್ನು ನನಗೆ ಯಾವ ತಜ್ಞರೂ ಹೇಳಿರಲಿಲ್ಲ.

ತಿಳಿವಳಿಕೆ ಒಂದೇ ಸಾಲದು

ತಡದ ವಿಷಯದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಲೆಕ್ಕಾಚಾರ ಇದೆ. 1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಬಾಣಂತಿಯರ ಸಾವಿನ ಬಗ್ಗೆ ಬರೆಯುತ್ತಾ ಅದನ್ನು ಮುಂದಿಟ್ಟರು. ತಡ ಮೂರು ಕಡೆ ಆಗುತ್ತದೆ: ಹೋಗೋಣ ಅಂತ ತೀರ್ಮಾನ ಮಾಡುವಲ್ಲಿ, ಆಸ್ಪತ್ರೆ ಮುಟ್ಟುವಲ್ಲಿ, ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ. ಹೆರಿಗೆಗೆ ಹೇಳಿದ ಈ ಮಾತು ಎದೆನೋವಿಗೂ, ಲಕ್ವಕ್ಕೂ, ಹಾವು ಕಡಿತಕ್ಕೂ ಹಾಗೆಯೇ ಹೊಂದುತ್ತದೆ. ದೊಡ್ಡಪ್ಪನ ರಾತ್ರಿಯಲ್ಲಿ ಮೂರೂ ಇದ್ದವು. ಮೊದಲನೆಯದು ಮಾತ್ರ ಉಳಿದೆರಡನ್ನೂ ನುಂಗುವಷ್ಟು ದೊಡ್ಡದಿತ್ತು.

ಮೊದಲನೆಯ ತಡವನ್ನು ಪ್ರಚಾರದಿಂದ ಕಡಿಮೆ ಮಾಡಬಹುದಾ ಅಂತ ಅಮೆರಿಕದಲ್ಲಿ 1990ರ ದಶಕದಲ್ಲಿ ದೊಡ್ಡದಾಗಿ ನೋಡಿದರು. ‘ರಿಯಾಕ್ಟ್’ ಅಂತ ಅದರ ಹೆಸರು. 20 ಊರುಗಳನ್ನು ಆಯ್ದು, ಅರ್ಧ ಊರುಗಳಲ್ಲಿ 18 ತಿಂಗಳು ಎದೆನೋವಿನ ಲಕ್ಷಣಗಳನ್ನು ತಿಳಿಸಿದರು. ಟಿವಿ, ಪತ್ರಿಕೆ, ಸಭೆ, ವೈದ್ಯರ ಮೂಲಕ ಮಾತು, ಯಾವುದನ್ನೂ ಬಿಡಲಿಲ್ಲ. 2000ದಲ್ಲಿ ಫಲಿತಾಂಶ ಬಂತು. ಆಂಬ್ಯುಲೆನ್ಸ್ ಕರೆಯುವವರು ಹೆಚ್ಚಾದರು. ಆದರೆ ನೋವು ಶುರುವಾಗಿ ಆಸ್ಪತ್ರೆ ಮುಟ್ಟುವ ಹೊತ್ತಿನಲ್ಲಿ, ಪ್ರಚಾರ ಆದ ಊರಿಗೂ ಆಗದ ಊರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹದಿನೆಂಟು ತಿಂಗಳು ಹೇಳಿ ಹೇಳಿ ಆಗದ್ದನ್ನು ಫೋನಿನಲ್ಲಿ ಹತ್ತು ಚಿತ್ರ ತೋರಿಸಿ ಮಾಡುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಕಡೆ ‘ನಿಮ್ಮ ಲಕ್ಷಣ ಹೇಳಿ, ಕಾಯಿಲೆ ಹೇಳುತ್ತೇವೆ’ ಅನ್ನುವ ಆ್ಯಪ್‌ಗಳಿವೆ. 2015ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಂಥ 23 ಸಾಧನಗಳ ಪರೀಕ್ಷೆ ಪ್ರಕಟವಾಯಿತು. ಕಾಯಿಲೆಯ ಹೆಸರನ್ನು ಮೊದಲ ಸಾಲಿನಲ್ಲೇ ಸರಿಯಾಗಿ ಹೇಳಿದ್ದು ಶೇ. 34 ಸಲ. ತುರ್ತು ಇದ್ದಾಗ ‘ತುರ್ತಾಗಿ ಹೋಗಿ’ ಎಂದು ಸರಿಯಾಗಿ ಹೇಳಿದ್ದು ಶೇ. 80 ಸಲ. ಎಂಬತ್ತು ಅಂದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಇಲ್ಲಿ ಹಾಗಲ್ಲ. ಪ್ರಾಣ ಹೋಗುವಂಥ ಐದು ಪ್ರಸಂಗಗಳಲ್ಲಿ ಒಂದಕ್ಕೆ ಫೋನು ಸಾವಧಾನದ ಸಲಹೆ ಕೊಟ್ಟಿದೆ. ಅಲ್ಲಿಂದ ಈಚೆಗೆ ತಂತ್ರಜ್ಞಾನ ಮುಂದೆ ಹೋಗಿದೆ, ನಿಜ. ಆದರೂ ಒಂದು ವಿಷಯ ಬದಲಾಗಿಲ್ಲ. ಹೃದಯಾಘಾತ ಆಗಿಲ್ಲ ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ಮೊದಲ ಇಸಿಜಿ ಚೆನ್ನಾಗಿದ್ದರೂ ಡಾಕ್ಟರು ಇನ್ನೊಂದು ತೆಗೆಯುತ್ತಾರೆ. ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಅನ್ನುವ ಪ್ರೋಟೀನ್ ಏರಲು ಕೆಲವು ಗಂಟೆ ಬೇಕು, ಅದಕ್ಕೇ ಅದನ್ನೂ ಎರಡು ಸಲ ನೋಡುತ್ತಾರೆ. ಕೈಗೆ ಕಟ್ಟುವ ವಾಚಿನ ಇಸಿಜಿ ಹೃದಯಾಘಾತವನ್ನು ಹಿಡಿಯುವುದಿಲ್ಲ ಎಂದು ಆ್ಯಪಲ್ ಕಂಪನಿಯೇ ತನ್ನ ವಾಚಿನ ಬಗ್ಗೆ ಹೇಳುತ್ತದೆ.

ಹಾಗಾಗಿ ನನ್ನ ಮೊದಲ ಹಟ ಇದು. ಈ ಆ್ಯಪ್ ಯಾವ ಕಾರಣಕ್ಕೂ ‘ಗಾಬರಿ ಬೇಡ, ಇದು ಗ್ಯಾಸ್ ಇರಬಹುದು’ ಅನ್ನಬಾರದು. ಹಸಿರು ಬಣ್ಣದ ಪರದೆಯೇ ಅದರಲ್ಲಿ ಇರಬಾರದು. ಅದಕ್ಕೆ ಗೊತ್ತಿರಬೇಕಾದ ಉತ್ತರ ಎರಡೇ: ಈಗಲೇ ಹೊರಡಿ, ಅಥವಾ ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಮಾತಾಡಿ.

ಯಾರ ಫೋನಿಗೆ?

ಎದೆ ಹಿಂಡುತ್ತಿರುವ ಮನುಷ್ಯ ಆ್ಯಪ್ ತೆರೆಯುವುದಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ದೊಡ್ಡಪ್ಪನ ಹತ್ತಿರ ಇರುವುದು ಕೀಪ್ಯಾಡ್ ಫೋನು. ದೊಡ್ಡಮ್ಮ ಸ್ಮಾರ್ಟ್‌ಫೋನಿನಲ್ಲಿ ಮೊಮ್ಮಗಳ ವಿಡಿಯೋ ನೋಡುತ್ತಾರೆ, ಅಷ್ಟೇ. ಹಾಸನ, ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಹೀಗೇ. ಮಕ್ಕಳು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ. ಏನೇ ಆದರೂ ಮೊದಲ ಕರೆ ಹೋಗುವುದು 108ಕ್ಕಲ್ಲ, ಮಗನಿಗೋ ಮಗಳಿಗೋ ಅಳಿಯನಿಗೋ. ಹೋಗಬೇಕಾ ಬೇಡವಾ ಅಂತ ತೀರ್ಮಾನ ಆಗುವುದು ಆ ಕರೆಯಲ್ಲಿ. ಆ್ಯಪ್ ಇರಬೇಕಾದ್ದು ಅಲ್ಲಿ, ಕರೆ ತೆಗೆದುಕೊಳ್ಳುವವರ ಫೋನಿನಲ್ಲಿ.

ಈ ಒಂದು ಬದಲಾವಣೆ ಮಾಡಿಕೊಂಡರೆ ವಿನ್ಯಾಸವೆಲ್ಲ ಬೇರೆಯಾಗುತ್ತದೆ. ಪರದೆಯನ್ನು ಓದುವವನು ನೋವಿನಲ್ಲಿಲ್ಲ. ಆದರೆ ನಿದ್ದೆಗಣ್ಣಲ್ಲಿದ್ದಾನೆ, ಗಾಬರಿಯಲ್ಲಿದ್ದಾನೆ, ಇನ್ನೊಂದು ತುದಿಯಲ್ಲಿ ಅಮ್ಮ ಅಳುತ್ತಿದ್ದಾರೆ. ಅವನಿಗೆ ಲೇಖನ ಬೇಡ. ಅಮ್ಮನಿಗೆ ಏನು ಕೇಳಬೇಕು ಅನ್ನುವ ಮಾತುಗಳು ಬೇಕು, ಬಾಯಿಗೆ ಬರುವಂತೆ. ‘ಎದೆನೋವು ಇದೆಯಾ?’ ಅಂತ ಕೇಳಿದರೆ ನಮ್ಮ ಕಡೆ ಎಷ್ಟೋ ಜನ ‘ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ಅವರಿಗೆ ಆಗುತ್ತಿರುವುದು ನೋವಲ್ಲ. ‘ಭಾರ ಇಟ್ಟಂಗೆ’, ‘ಹಿಂಡಿದಂಗೆ’, ‘ಎದೆ ಕಟ್ಟಿದಂಗೆ’, ‘ಉರಿ’. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆಯಲ್ಲಿ ಏನೂ ಆಗದೆ ಬರೀ ಉಸಿರು ಕಟ್ಟಬಹುದು, ವಾಂತಿ ಬರಬಹುದು, ದವಡೆ ಸೆಳೆಯಬಹುದು, ತಡೆಯಲಾಗದ ಸುಸ್ತು ಬರಬಹುದು. ‘ಎದೆಯ ಭಾಗದಲ್ಲಿ ಅಸ್ವಸ್ಥತೆಯ ಅನುಭವ’ ಅಂತ ಬರೆದರೆ ಯಾರಿಗೂ ಹತ್ತುವುದಿಲ್ಲ. ಆ ಮಗನ ಪರದೆಯ ಮೇಲೆ ಹೀಗಿರಬೇಕು: ‘ಅಪ್ಪನ ಎದೆ ಮೇಲೆ ಯಾರೋ ಕೂತಂಗೆ ಆಗ್ತಿದೆಯಾ ಕೇಳಿ. ಬನಿಯನ್ ಮುಟ್ಟಿ ನೋಡಕ್ಕೆ ಹೇಳಿ, ಒದ್ದೆ ಇದೆಯಾ? ರಟ್ಟೆ, ಬೆನ್ನು, ದವಡೆ ಕಡೆ ಸೆಳೀತಿದೆಯಾ? ಉಸಿರು ಸಲೀಸಾಗಿ ಆಡ್ತಿದೆಯಾ?’ ಒಂದಕ್ಕೆ ‘ಹೌದು’ ಬಂದರೂ ಸಾಕು. ಮುಂದಿನ ಪ್ರಶ್ನೆ ಕೇಳದೆ 108ಕ್ಕೆ ಕರೆ ಹೋಗಬೇಕು.

108 ಇಡೀ ರಾಜ್ಯಕ್ಕೆ ಒಂದೇ ನಂಬರು. 2008ರ ನವೆಂಬರಿನಲ್ಲಿ ‘ಆರೋಗ್ಯ ಕವಚ’ ಅಂತ ಶುರುವಾಯಿತು. ಬೆಂಗಳೂರಿನಲ್ಲಿ ಕೂತು ಆಲೂರಿಗೆ ಗಾಡಿ ಕಳಿಸಿ ಅಂತ ಕೇಳಬಹುದು. ಆದರೆ ಕರೆ ಮಾಡಿದವನ ಫೋನು ಇರುವ ಜಾಗ ಬೇರೆ, ಗಾಡಿ ಬರಬೇಕಾದ ಜಾಗ ಬೇರೆ. ಗಾಬರಿಯಲ್ಲಿ ಊರಿನ ದಾರಿ ಹೇಳಲು ನಾಲಗೆ ತಡವರಿಸುತ್ತದೆ. ಹೊಸದಾಗಿ ಬಂದ ಡ್ರೈವರಿಗೆ ‘ಗೌಡರ ಮನೆ ಪಕ್ಕ’ ಅಂದರೆ ಏನೂ ತಿಳಿಯುವುದಿಲ್ಲ. ಇದಕ್ಕೆ ಉಪಾಯ ಕಷ್ಟದ್ದಲ್ಲ. ಊರಿಗೆ ಹೋದಾಗ, ಹಗಲು ಹೊತ್ತಿನಲ್ಲಿ, ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಜಾಗ ಗುರುತು ಹಾಕಿಕೊಳ್ಳುವುದು. ಮುಖ್ಯ ರಸ್ತೆಯಿಂದ ಮನೆಗೆ ಬರುವ ದಾರಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಜೊತೆಗೆ ಊರಲ್ಲಿ ಗಾಡಿ ಇರುವ ಮೂರು ಮನೆಗಳ ನಂಬರು. ಅಣ್ಣ ಆ ಬೆಳಗ್ಗೆ ಓಮ್ನಿ ಹೊಂದಿಸಲು 45 ನಿಮಿಷ ತೆಗೆದುಕೊಂಡ. ಮೊದಲು ಕರೆ ಮಾಡಿದ ಇಬ್ಬರ ನಂಬರು ಬದಲಾಗಿತ್ತು.

ಆದರೂ ದೊಡ್ಡ ಪ್ರಶ್ನೆ ಹಾಗೇ ಉಳಿಯುತ್ತದೆ. ಅಮ್ಮ ಫೋನ್ ಮಾಡಿದ್ದೇ 4:45ಕ್ಕೆ. ಅದಕ್ಕೆ ಮೊದಲಿನ ಆರೂಮುಕ್ಕಾಲು ಗಂಟೆಯನ್ನು ಮಗನ ಫೋನಿನಲ್ಲಿರುವ ಆ್ಯಪ್ ಹೇಗೆ ಮುಟ್ಟುತ್ತದೆ?

ಇದಕ್ಕೆ ನನಗೆ ಸಿಕ್ಕ ಉತ್ತರ: ರಾತ್ರಿಯ ತೀರ್ಮಾನವನ್ನು ಹಗಲಲ್ಲೇ ಮಾಡಿಟ್ಟುಕೊಳ್ಳಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ‘ನಾನು ಆರೋಗ್ಯ ನೋಡಿಕೊಳ್ಳುತ್ತೇನೆ’ ಅನ್ನುವ ಸಂಕಲ್ಪಕ್ಕಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಅನ್ನುವ ಗಟ್ಟಿ ಮಾತು ಹೆಚ್ಚು ಕೆಲಸ ಮಾಡುತ್ತದೆ. ಆ್ಯಪ್ ಹಾಕಿಕೊಂಡ ದಿನವೇ ಮಗನಿಗೆ ಅದು ಒಂದು ಕೆಲಸ ಕೊಡಬೇಕು: ಊರಿಗೆ ಫೋನ್ ಮಾಡಿ, ಅಮ್ಮ ಅಪ್ಪ ಇಬ್ಬರನ್ನೂ ಕೂರಿಸಿ, ಈ ಮಾತು ಹೇಳಿ. ‘ಅಮ್ಮ, ಅಪ್ಪಂಗೆ ಎದೆ ಹಿಡಿದು ಬೆವರು ಬಂದ್ರೆ, ರಾತ್ರಿ ಎಷ್ಟೊತ್ತಾದ್ರೂ ನೀನು ನನ್ನ ಎಬ್ಬಿಸಬೇಕು. ಗ್ಯಾಸೇ ಆಗಿದ್ರೂ ಪರವಾಗಿಲ್ಲ. ಹತ್ತು ಸಲ ಎಬ್ಬಿಸಿದ್ರೂ ಬೈಯಲ್ಲ.’ ಈ ಕೊನೆಯ ವಾಕ್ಯ ಬಹಳ ಮುಖ್ಯ. ಇದನ್ನು ಮಗನ ಬಾಯಿಂದಲೇ ಕೇಳಿದ ತಾಯಿಗೆ ‘ಯಾವ್ ಮೊಕ ಇಟ್ಕಂಡು’ ಅನ್ನುವ ಅಳುಕು ಇರುವುದಿಲ್ಲ.

ಅದರ ಜೊತೆಗೆ ಒಂದು ಚಿಕ್ಕ ತಾಂತ್ರಿಕ ಕೆಲಸ. ಮನೆಯ ಕೀಪ್ಯಾಡ್ ಫೋನಿನಲ್ಲಿ 2ನ್ನು ಒತ್ತಿ ಹಿಡಿದರೆ ಮಗನಿಗೆ ಕರೆ ಹೋಗುವಂತೆ ಮಾಡಿಡುವುದು. ಮಗನ ಫೋನು ರಾತ್ರಿ ಸೈಲೆಂಟ್ ಇರುತ್ತದೆ. ಆಯ್ದ ಒಂದು ನಂಬರಿನ ಕರೆ ಮಾತ್ರ ಸೈಲೆಂಟ್ ದಾಟಿ ಜೋರಾಗಿ ಬಡಿದುಕೊಳ್ಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಈಗಾಗಲೇ ಇದೆ. ಆದರೆ ಅದನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ ಹಾಕಿಕೊಂಡವರು ನನ್ನ ಪರಿಚಯದಲ್ಲಿ ಇಬ್ಬರೋ ಮೂವರೋ. ಆ್ಯಪ್ ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋದರೆ ಅದೊಂದೇ ಕೆಲಸಕ್ಕೆ ಅದನ್ನು ಹಾಕಿಕೊಳ್ಳಬಹುದು.

ನಾಚಿಕೆಯ ಬಗ್ಗೆ ಇನ್ನೂ ಒಂದು ಮಾತು. ಒಂದು ಮನೆಯಲ್ಲಿ ಯಾರಾದರೂ ‘ಹೊರಡೋಣ’ ಅಂದರೆ, ಆಮೇಲೆ ಏನೂ ಇಲ್ಲ ಅಂತ ಗೊತ್ತಾದರೆ, ಹೇಳಿದವರ ತಲೆ ಮೇಲೆ ಅದು ಕೂರುತ್ತದೆ. ಆ ಭಾರವನ್ನು ಆ್ಯಪ್ ಹೊತ್ತುಕೊಳ್ಳಬಹುದು. ‘ನಾನು ಹೇಳಲಿಲ್ಲಪ್ಪ, ಫೋನಿನಲ್ಲಿ ಹೋಗಲೇಬೇಕು ಅಂತ ಬಂತು’ ಅಂತ ಸೊಸೆ ಮಾವನಿಗೆ ಹೇಳಬಹುದು. ಹಟಮಾರಿ ಗಂಡಸರ ಎದುರು ಹೆಂಗಸರಿಗೆ ಇಂಥ ಒಂದು ಊರುಗೋಲು ಬೇಕು. ಆಸ್ಪತ್ರೆಯಿಂದ ಏನೂ ಇಲ್ಲ ಅಂತ ವಾಪಸ್ ಬಂದ ಮೇಲೆ ಆ್ಯಪ್ ಇನ್ನೊಂದು ಸಂದೇಶ ಕಳಿಸಬೇಕು: ‘ಹೋಗಿ ಬಂದದ್ದು ಸರಿಯಾದ ಕೆಲಸ. ಮತ್ತೆ ಹೀಗಾದರೆ ಮತ್ತೆ ಹೋಗಿ.’ ಹಿಂದಿನ ವರ್ಷ ದೊಡ್ಡಮ್ಮನಿಗೆ ಈ ಒಂದು ಸಾಲು ಯಾರಾದರೂ ಹೇಳಿದ್ದರೆ ಅನ್ನಿಸುತ್ತದೆ.

ಹೀಗೆ ಮಾಡಿದರೆ ಸುಮ್ನೆ ಬರುವವರು ಜಾಸ್ತಿಯಾಗಿ ಆಸ್ಪತ್ರೆ ತುಂಬುವುದಿಲ್ಲವೇ ಅಂತ ವೈದ್ಯ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜುಲೈ 2025ರ ಮೈಸೂರಿನ ಸಾಲು ಅದೇ ಅಲ್ವಾ. ಆದರೆ ಅಂದು ಜನ ಬಂದದ್ದು ಸುದ್ದಿ ನೋಡಿ, ಮೈಗೆ ಏನೂ ಆಗದೆ. ಆ್ಯಪ್ ಕೇಳುವುದು ಈ ಹೊತ್ತಿನಲ್ಲಿ ಮೈಯಲ್ಲಿ ಏನಾಗುತ್ತಿದೆ ಅನ್ನುವುದನ್ನು. ಮೈಗೆ ಏನೂ ಆಗದವರಿಗೆ ಅದು ಬಿಪಿ, ಸಕ್ಕರೆ ನೋಡಿಸಿಕೊಳ್ಳಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ತೋರಿಸಿದರೆ ಸಾಕು. ತುರ್ತು ಪರದೆಯನ್ನೂ ತಪಾಸಣೆ ಪರದೆಯನ್ನೂ ಒಂದೇ ಕಡೆ ಬೆರೆಸಬಾರದು.

ಎಲ್ಲಿಗೆ ಅನ್ನುವುದು

ಹೊರಟ ಮೇಲೆ ಎಲ್ಲಿಗೆ ಹೋಗುವುದು? ದೊಡ್ಡಪ್ಪನ 50 ನಿಮಿಷ ಹೋದದ್ದು ಹತ್ತಿರ ಸಿಕ್ಕಿತು ಅಂತ ಹೊಕ್ಕ ಬಾಗಿಲಲ್ಲಿ. ಮ್ಯಾಪು ತೋರಿಸುವ ಹತ್ತಿರದ ಆಸ್ಪತ್ರೆ ಬೇರೆ, ಆ ಹೊತ್ತಿನಲ್ಲಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ಬೇರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆ ಇದೆ, ಆದರೆ ಅದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರಿನಲ್ಲಿ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ರಕ್ತನಾಳ ಕಟ್ಟಿದೆ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಈ ಇಂಜೆಕ್ಷನ್ ಮೊದಲ ಮೂರು ಗಂಟೆಯಲ್ಲಿ ಬಿದ್ದರೆ ಲಾಭ ಬಹಳ, ಹೊತ್ತು ಹೋದಂತೆ ಕಡಿಮೆ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ನಮ್ಮ ಜನಕ್ಕೆ ಸರ್ಕಾರಿ ತಾಲ್ಲೂಕು ಆಸ್ಪತ್ರೆ ಅಂದರೆ ಜ್ವರ, ಹೆರಿಗೆ. ಹೃದಯ ಅಂದ ತಕ್ಷಣ ಬೆಂಗಳೂರು. ಹಾಸನದಿಂದ ಬೆಂಗಳೂರು 180 ಕಿಲೋಮೀಟರ್. ಆ ದಾರಿಯಲ್ಲಿ ಕಳೆಯುವ ಮೂರು ಗಂಟೆ ಇಂಜೆಕ್ಷನ್ ಕೆಲಸ ಮಾಡಬೇಕಾಗಿದ್ದ ಮೂರು ಗಂಟೆ. ಮೊದಲು ಸಕಲೇಶಪುರವೋ ಬೇಲೂರೋ ಮೂಡಿಗೆರೆಯೋ, ಅಲ್ಲಿ ಇಸಿಜಿ, ಇಂಜೆಕ್ಷನ್. ಆಮೇಲೆ ಮೈಸೂರೋ ಬೆಂಗಳೂರೋ. ಆ್ಯಪ್ ಈ ಕ್ರಮವನ್ನು ಒಂದೇ ಸಾಲಿನಲ್ಲಿ, ಕಾರಣ ಸಮೇತ ಹೇಳಬೇಕು. ಹಣದ ಮಾತನ್ನೂ ಅಲ್ಲೇ ಹೇಳಬೇಕು. ‘ಎಷ್ಟು ಕೇಳ್ತಾರೋ’ ಅನ್ನುವ ಭಯವೂ ಜಗಲಿಯಲ್ಲೇ ಕೂರಿಸುತ್ತದೆ. ‘ಇಂಜೆಕ್ಷನ್ ಉಚಿತ’ ಅನ್ನುವ ಎರಡು ಪದಕ್ಕೆ ಹತ್ತು ಲಕ್ಷಣಗಳ ಪಟ್ಟಿಗಿಂತ ಹೆಚ್ಚು ಶಕ್ತಿ ಇದೆ.

ಇಷ್ಟೆಲ್ಲ ಹೇಳಲು ಆ್ಯಪಿಗೆ ಮಾಹಿತಿ ಬೇಕು. ಇವತ್ತು ರಾತ್ರಿ ಯಾವ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವರಿದ್ದಾರೆ, ಇಂಜೆಕ್ಷನ್ ದಾಸ್ತಾನು ಇದೆಯಾ. ಇದನ್ನು ಖಾಸಗಿಯವರು ಊಹಿಸಿ ಹಾಕಿದರೆ ಅಪಾಯ. ಜಿಲ್ಲಾ ಆರೋಗ್ಯ ಇಲಾಖೆಯೇ ದಿನಾ ಹೇಳಬೇಕು. ಜಿಲ್ಲೆಯ ಗಡಿಯನ್ನೂ ಆ್ಯಪ್ ಮರೆಯಬೇಕು. ಶೃಂಗೇರಿಯ ಜನ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ, ಚಿಕ್ಕಮಗಳೂರಿನತ್ತ ತಿರುಗುವುದಿಲ್ಲ.

ಹಾವು ಕಡಿತದಲ್ಲಿ ಈ ಮಾಹಿತಿಯೇ ಎಲ್ಲಕ್ಕಿಂತ ಮುಖ್ಯ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವಾಗಿ ಘೋಷಿಸಿತು. ಆ್ಯಪ್ ಹೇಳಬೇಕಾದ್ದು ನಾಲ್ಕೇ ಮಾತು: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕಡಿದ ಕೈಕಾಲು ಅಲ್ಲಾಡಿಸದೆ ಕರೆತನ್ನಿ, ಔಷಧಿ ಇರುವ ಆಸ್ಪತ್ರೆ ಇಲ್ಲಿದೆ. ಲಕ್ವದಲ್ಲಿ ನಾಟಿ ಔಷಧಕ್ಕೆ ಹೋಗಿ ಕಳೆದುಕೊಳ್ಳುವ ಹೊತ್ತು ನೆನೆದರೆ ಸಂಕಟ ಆಗುತ್ತದೆ. ಮೆದುಳಿನ ರಕ್ತನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಔಷಧಿಗೆ ಇರುವ ಅವಕಾಶ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಅಂದರೆ ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ ಕಳಿಸಿದರೆ ಕಳಿಸದ ಹಾಗೆಯೇ.

ಮಲೆನಾಡಿನ ನೆಟ್‌ವರ್ಕ್ ಬಗ್ಗೆ ಹೇಳಲೇಬೇಕು. ಹೆತ್ತೂರು, ಬಿಸಿಲೆ, ಕಳಸದ ಕಡೆ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ. ಬ್ಯಾಟರಿ ಮುಗಿದರೆ ಟವರೂ ಸತ್ತ ಹಾಗೆ. ಇಂಟರ್‌ನೆಟ್ ಇದ್ದರೆ ಮಾತ್ರ ತೆರೆಯುವ ಆ್ಯಪ್ ಅಲ್ಲಿಗೆ ಪ್ರಯೋಜನವಿಲ್ಲ. ಪ್ರಶ್ನೆಗಳು, ದಾರಿ, ನಂಬರುಗಳು ಫೋನಿನಲ್ಲೇ ಇರಬೇಕು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಎಸ್ಸೆಮ್ಮೆಸ್ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಹೋಗುತ್ತದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ ಫೋನಿನ ಆಚೆ ಬದಿಯಲ್ಲಿರುವವನು ಮಗನಲ್ಲ, ಕೂಲಿಯವರ ಲೆಕ್ಕ ಬರೆಯುವ ತೋಟದ ರೈಟರು. ಜೀಪು ಹೊರಡುವುದು ಅವನ ಮಾತಿಗೆ. ಅಸ್ಸಾಮಿನಿಂದ ಬಂದ ಕೂಲಿಯವರ ಮಾತು ಅವನಿಗೂ ಪೂರ್ತಿ ತಿಳಿಯುವುದಿಲ್ಲ. ಅಲ್ಲಿ ಆ್ಯಪ್ ಅವನ ಫೋನಿನಲ್ಲಿರಬೇಕು, ಪ್ರಶ್ನೆಗಳು ಅವರ ಭಾಷೆಯಲ್ಲಿ ಧ್ವನಿಯಾಗಿ ಕೇಳಿಸಬೇಕು.

ದೊಡ್ಡ ತಂತ್ರಜ್ಞಾನವೇ ಬೇಕು ಅಂತಲೂ ಇಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅವರು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಇಸಿಜಿ ನೋಡಿ ಸಲಹೆ ಕೊಡುವ ಕೆಲಸವನ್ನು ವರ್ಷಗಳಿಂದ ನಡೆಸಿದ್ದಾರೆ. ಎಲ್ಲರ ಕೈಯಲ್ಲಿ ಆಗಲೇ ಇದ್ದದ್ದನ್ನು ಬಳಸಿಕೊಂಡದ್ದೇ ಅದರ ಜಾಣತನ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹೃದಯ ನಿಂತು ಬಿದ್ದವರ ಹತ್ತಿರ ಇರುವ, ಎದೆ ಒತ್ತುವುದನ್ನು ಕಲಿತ ಜನರಿಗೆ ಫೋನಿನ ಮೂಲಕ ಸುದ್ದಿ ಮುಟ್ಟಿಸಿ ನೋಡಿದರು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆಂಬ್ಯುಲೆನ್ಸ್ ಬರುವ ಮೊದಲೇ ಯಾರಾದರೂ ಎದೆ ಒತ್ತಲು ಶುರು ಮಾಡಿದ್ದು ಶೇ. 48ರಿಂದ 62ಕ್ಕೆ ಏರಿತು. ಫೋನು ಅಲ್ಲಿ ಯಾರಿಗೂ ಪಾಠ ಹೇಳಲಿಲ್ಲ. ಪಕ್ಕದ ಬೀದಿಯ ಮನುಷ್ಯನನ್ನು ಎಬ್ಬಿಸಿ ಕಳಿಸಿತು.

ಇಂಥ ಆ್ಯಪ್ ಕೆಲಸ ಮಾಡಿತಾ ಅಂತ ಅಳೆಯುವುದು ಎಷ್ಟು ಜನ ಹಾಕಿಕೊಂಡರು ಅನ್ನುವುದರಿಂದ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಆ ಮೊದಲ ಪ್ರಶ್ನೆಯಿಂದ: ನೋವು ಶುರುವಾಗಿ ಇಸಿಜಿ ಆಗುವವರೆಗೆ ಎಷ್ಟು ಹೊತ್ತಾಯ್ತು? ತಾಲ್ಲೂಕು ಆಸ್ಪತ್ರೆಯಲ್ಲಿ ಈ ಒಂದು ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು. ಅದಕ್ಕೆ ರೋಗಿಯ ಹೆಸರೂ ಬೇಡ, ಆಧಾರ್ ನಂಬರೂ ಬೇಡ.

ಹೋದ ತಿಂಗಳು ಊರಿಗೆ ಹೋದಾಗ ಯಾವ ಆ್ಯಪ್‌ಗೂ ಕಾಯದೆ ಆಗುವಷ್ಟನ್ನು ಮಾಡಿ ಬಂದೆವು. ದೊಡ್ಡಪ್ಪನ ಕೀಪ್ಯಾಡ್ ಫೋನಿನಲ್ಲಿ 2 ಒತ್ತಿ ಹಿಡಿಯುವುದನ್ನು ದೊಡ್ಡಮ್ಮನಿಗೆ ಐದು ಸಲ ಅಭ್ಯಾಸ ಮಾಡಿಸಿದೆವು. ಅಣ್ಣನ ಫೋನಿನಲ್ಲಿ ಆ ನಂಬರು ಸೈಲೆಂಟ್ ದಾಟುವಂತೆ ಮಾಡಿದೆವು. ದಾರಿ ಹೇಳುವ ರೆಕಾರ್ಡಿಂಗನ್ನು ದೊಡ್ಡಮ್ಮನೇ ಮಾಡಿದರು, ಬಾಗಿಲಲ್ಲಿ ನಿಂತು, 40 ಸೆಕೆಂಡಿನಲ್ಲಿ. ‘ಮೇನ್ ರೋಡ್ನಿಂದ ಅಳ್ಳಿ ಮರದ್ ಹತ್ರ ಎಡಕ್ಕೆ ತಿರುಗ್ಕಳಿ. ಹಾಲಿನ ಡೈರಿ ದಾಟಿ ಎರಡ್ನೇ ತಿರುವು. ನೀಲಿ ಗೇಟು. ಲೈಟ್ ಹಾಕಿರ್ತೀನಿ.’ ಡೈರಿ ಪಕ್ಕದ ಹಳ್ಳ ಜೂನ್‌ನಲ್ಲಿ ತುಂಬುತ್ತದೆ, ಆಗ ಗಾಡಿ ಸುತ್ತು ಹಾಕಿ ಶಾಲೆ ಕಡೆಯಿಂದ ಬರಬೇಕು. ಮಳೆ ಹಿಡಿಯುವ ಮೊದಲು ಇನ್ನೊಂದು ರೆಕಾರ್ಡ್ ಮಾಡಿಸಬೇಕು.